ತೊಟ್ಟಿಲು ಒಳಗಿರಲಿ ಎಂದ ವರ್ಷ

ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸು ಶಿಡ್ಲಘಟ್ಟದೊಳಕ್ಕೆ ತಿರುಗಿದ ಕೂಡಲೇ ಅರ್ಧ ಬಸ್ಸು ಮೂಗು ಮುಚ್ಚಿಕೊಳ್ಳುತ್ತದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಊರು; ಬೆಂದ ಹುಳುವಿನ ವಾಸನೆ ಗಾಳಿಯಲ್ಲಿ ಇದ್ದೇ ಇರುತ್ತದೆ. ಮೊನ್ನೆ ಡಿಸೆಂಬರಿನ ಮೊದಲ ವಾರ ಹಾಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, "ಆಂಟಿ, ನಿಮಗೆ ಸ್ಮೆಲ್ ಬರ್ತಿಲ್ವಾ?" ಎಂದಳು. "ಬರ್ತಿದೆ ಕಣಮ್ಮ, ಚೆನ್ನಾಗಿದೆ" ಎಂದೆ. ಅವಳು ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಕೂತಳು.

ಸರಿಯಲಿ. ನನಗೆ ಕ್ರಿಸ್ಮಸ್ ಅಂದರೆ ಹುಳುವಿನ ವಾಸನೆಯೇ. ಬೆಂಗಳೂರಿನ ಮಾಲುಗಳಲ್ಲಿ ಮೂರಂತಸ್ತಿನ ಪ್ಲಾಸ್ಟಿಕ್ ಮರ ನಿಲ್ಲಿಸಿ, ಅದರ ಮೇಲೆ ಹತ್ತಿ ಉದುರಿಸಿ ಹಿಮ ಎಂದು ಕರೆದು, ಕೆಂಪು ಟೋಪಿಯವನ ಕೈಯಲ್ಲಿ ಚಾಕೊಲೇಟ್ ಹಂಚಿಸಿದರೆ ಯಾರಿಗೂ ತೊಂದರೆಯಿಲ್ಲ. ಎಲ್ಲರೂ ಸಂಸಾರ ಸಮೇತ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆದರೆ ಏಸುವನ್ನು ನಂಬಿದ ಹೆಂಗಸೊಬ್ಬಳು ತನ್ನ ಊರಿನ ದಾರಿಯಲ್ಲಿ, ತನ್ನ ಅಪ್ಪನ ಕಾಲದಿಂದ ಕಟ್ಟುತ್ತ ಬಂದ ತೊಟ್ಟಿಲನ್ನು ಕಟ್ಟಲು ಹೋದರೆ ಮಾತ್ರ ಎಲ್ಲರಿಗೂ ಅದು ಸಾರ್ವಜನಿಕ ಸ್ಥಳ ಎಂಬುದು ನೆನಪಾಗುತ್ತದೆ. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ವರ್ಷಗಳು ಕಳೆದರೂ ಆ ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಆ ವರ್ಷ ನಾನು ಸಾದಲಿಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಅತಿಥಿ ಎಂದರೆ ಮರ್ಯಾದೆಯಿಂದ ಕರೆದವರು ಎಂದುಕೊಳ್ಳಬೇಡಿ. ಯಾವಾಗ ಬೇಕಾದರೂ ಹೊರಡಿ ಎನ್ನಬಹುದಾದವರು. ಉಳಿದುಕೊಂಡಿದ್ದು ಅಲ್ಲೇ ಪಕ್ಕದ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ. ಅಮ್ಮನ ಅಕ್ಕ ಸಾರಮ್ಮ. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ಹಿಪ್ಪುನೇರಳೆ ಮತ್ತು ರಸ್ತೆ ಬದಿಯ ಒಂದು ಹುಳುಮನೆ ಇಟ್ಟುಕೊಂಡು ರೇಷ್ಮೆ ಬೆಳೆಯುತ್ತ ಬಂದವಳು. ಮಾತು ಒರಟು, ನಗು ದೊಡ್ಡದು. ಹುಳುಮನೆಯೊಳಗೆ ಮಾತ್ರ ಪಿಸುಮಾತು. ಹೊಸಿಲಿನಲ್ಲಿ ಚೆಲ್ಲಿದ ಸುಣ್ಣದ ಪುಡಿಯನ್ನು ಮೆಟ್ಟದೆ ಜಿಲ್ಲಾಧಿಕಾರಿಯೇ ಬಂದರೂ ಒಳಗೆ ಬಿಡುತ್ತಿರಲಿಲ್ಲ. ರೋಗ ಬಂದರೆ ಬೆಳೆ ಉಳಿಯುವುದಿಲ್ಲ.

ಆ ಊರಿನಲ್ಲಿ ನಮ್ಮವರ ಮನೆಗಳು ಒಂದು ಕೈಯ ಬೆರಳಿಗಿಂತ ಸ್ವಲ್ಪ ಹೆಚ್ಚು. ಹೆಂಚಿನ ಒಂದು ಪುಟ್ಟ ದೇವಾಲಯ (ಚರ್ಚನ್ನು ನಾವು ಹಾಗೆಯೇ ಕರೆಯುವುದು), ಅದರ ಗೇಟಿನ ಹೊರಗೆ ರಸ್ತೆಗೆ ಬಾಗಿದ ಒಂದು ಹೊಂಗೆಮರ. ಪ್ರತಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಆ ಮರದ ಕೊಂಬೆಗೆ ಮರದ ತೊಟ್ಟಿಲೊಂದನ್ನು ಕಟ್ಟುತ್ತಿದ್ದರು. ನನ್ನ ತಾತ ಆಚಾರಿ ಒಬ್ಬರಿಂದ ಮಾಡಿಸಿದ ತೊಟ್ಟಿಲು. ಒಳಗೆ ಗೊಂಬೆಯಿಲ್ಲ, ವಿಗ್ರಹವಿಲ್ಲ. ಒಗೆದ ಬಿಳಿ ಬಟ್ಟೆಯ ಮೇಲೆ ಒಂದು ಹಿಡಿ ಹೊಸ ರಾಗಿ, ಅಷ್ಟೆ. ದಾರಿಯಲ್ಲಿ ಹೋಗುವ ಯಾವ ಹೆಂಗಸಾದರೂ ನಿಂತು ತೂಗಬಹುದಿತ್ತು, ಜೋಗುಳ ಹಾಡಬಹುದಿತ್ತು. ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುತ್ತಿರಲಿಲ್ಲ. ಮಕ್ಕಳಿಲ್ಲದವರು ಬಂದು ಸ್ವಲ್ಪ ಹೆಚ್ಚು ಹೊತ್ತು ತೂಗುತ್ತಿದ್ದರು. ನಮ್ಮ ಮನೆಯ ನೀರು ಮುಟ್ಟದವರೂ ಆ ಹಗ್ಗ ಮುಟ್ಟುತ್ತಿದ್ದರು.

ಡಿಸೆಂಬರಿನ ಮೊದಲ ಭಾನುವಾರ, ಆರಾಧನೆ ಮುಗಿದು ನಾವು ಹೊರಗೆ ಬರುವ ಹೊತ್ತಿಗೆ ಗೇಟಿನ ಬಳಿ ನಾಗರಾಜ ನಿಂತಿದ್ದ. ಪಂಚಾಯ್ತಿ ಸದಸ್ಯ, ಮೂವತ್ತರ ಆಸುಪಾಸಿನವನು, ಅವನದೂ ರೇಷ್ಮೆ ಬೆಳೆಯೇ. ಜೊತೆಗೆ ಇಬ್ಬರು ಗೆಳೆಯರು. ಕೂಗಾಡಲಿಲ್ಲ, ಬೆದರಿಸಲಿಲ್ಲ. ಕೈ ಮುಗಿದೇ ಮಾತಾಡಿದ.

"ಹಬ್ಬ ಮಾಡ್ಕೊಳ್ಳಿ, ಬೇಡ ಅಂದೋರ್ಯಾರು? ತೊಟ್ಟಿಲು ಮಾತ್ರ ಒಳಗಿರ್ಲಿ. ರೋಡಲ್ಲಿ ಬೇಡ. ನಮ್ಮ ಹೆಣ್ಮಕ್ಳನ್ನ ಸೆಳ್ಕೊಳ್ಳೋಕೆ ಕಟ್ತಾರೆ ಅಂತ ಜನ ಮಾತಾಡ್ತಾರೆ."

ಅವನಿಗೆ ನಿಜವಾಗಿ ಚುಚ್ಚಿದ್ದು ಬೇರೆ. ಅವನ ತಾಯಿ ವೆಂಕಟಮ್ಮ ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು, ಆ ತೊಟ್ಟಿಲನ್ನೂ ತೂಗಿದ್ದಳು. ಆಮೇಲೆ ಹುಟ್ಟಿದವನು ಇವನು. ಊರಿಗೆಲ್ಲ ಗೊತ್ತಿದ್ದ ವಿಷಯ. ಈಚೆಗೆ ಗೆಳೆಯರು ಅವನನ್ನು 'ತೊಟ್ಟಿಲು ನಾಗರಾಜ' ಎಂದು ಛೇಡಿಸುತ್ತಿದ್ದರಂತೆ. ಗಂಡಸಿನ ಮಾನ ಇಂಥ ಸಣ್ಣ ಸಣ್ಣ ಮೊಳೆಗಳಿಗೆ ಸಿಕ್ಕಿ ಹರಿಯುತ್ತದೆ.

ನಮ್ಮ ಅಯ್ಯನವರು, ಅಂದರೆ ಪಾದ್ರಿ, ಚಿಂತಾಮಣಿಯಿಂದ ತಿಂಗಳಿಗೊಮ್ಮೆ ಬರುವವರು, ಆವತ್ತು ಇರಲಿಲ್ಲ. ಸಭೆಯ ಹಿರಿಯರಾಗಿ ಮಾತು ಆಡಬೇಕಾದವರು ನಿವೃತ್ತ ಹೆಡ್‌ಮಾಸ್ಟರ್ ಸ್ಯಾಮುಯೇಲಪ್ಪ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಆಯ್ತಪ್ಪ, ಒಳಗೇ ಇಡ್ತೀವಿ" ಎಂದುಬಿಟ್ಟರು. ನಾಗರಾಜ ಮತ್ತೊಮ್ಮೆ ಕೈ ಮುಗಿದು ಹೋದ. ಗೇಟು ದಾಟಿ ಅವನು ಒಳಗೆ ಬಂದಿರಲೂ ಇಲ್ಲ.

ಆಮೇಲೆ ನಡೆದದ್ದು ನಮ್ಮನಮ್ಮಲ್ಲಿನ ಜಗಳ. ಹೊರಗಿನವರ ಮಾತಿಗಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

"ಏನ್ ಮಾಸ್ಟ್ರೇ, ಕೇಳ್ದೇ ಒಪ್ಕೊಂಡ್ರಿ?" ಎಂದು ದೊಡ್ಡಮ್ಮ ಮೇಲೆ ಬಿದ್ದಳು.

"ಸಾರಮ್ಮ, ನಂಬಿಕೆ ಹೃದಯದಲ್ಲಿರೋದು. ಒಳಗಿಟ್ರೆ ಕರ್ತನೇನು ಚಿಕ್ಕೋನಾಗ್ತಾನಾ?"

"ಆವತ್ತು ಛತ್ರದಲ್ಲಿ ಜಾಗ ಸಿಗ್ಲಿಲ್ಲ, ಒಳಗೆ ಬಿಡ್ಲಿಲ್ಲ ಅಂತ ವರ್ಷಾ ವರ್ಷಾ ನೀವೇ ಅಲ್ವಾ ನಿಂತ್ಕೊಂಡು ಓದೋದು? ಹೊರಗಡೆ, ಯಾರದೋ ದನದ ಕೊಟ್ಟಿಗೇಲಿ ಹುಟ್ದೋನು. ಅವನ ಹಬ್ಬಾನ ಬಾಗಿಲು ಹಾಕ್ಕೊಂಡು ಮಾಡೋದಾ?"

ಸುರೇಶ ಮಧ್ಯೆ ಬಾಯಿ ಹಾಕಿದ. ನಮ್ಮ ಹುಡುಗನೇ, ಹೊಸದಾಗಿ ಚಿಕ್ಕಬಳ್ಳಾಪುರದ ಒಂದು ಪ್ರಾರ್ಥನಾ ಗುಂಪಿಗೆ ಹೋಗಲು ಶುರುಮಾಡಿದ್ದ. "ದೊಡ್ಡಮ್ಮ, ಇಪ್ಪತ್ತೈದನೇ ತಾರೀಕು ಅಂತ ಬೈಬಲಲ್ಲಿ ಎಲ್ಲೂ ಬರ್ದಿಲ್ಲ. ಈ ಸ್ಟಾರು, ತೊಟ್ಟಿಲು ಎಲ್ಲ ಲೋಕದ ಆಚಾರ. ಹೊರಗೂ ಬೇಡ, ಒಳಗೂ ಬೇಡ."

"ನೀನು ಹುಟ್ಟಿದ ತಾರೀಕು ನಿಮ್ಮಮ್ಮಂಗೆ ಗೊತ್ತಿತ್ತೇನೋ? ಸ್ಕೂಲಿಗೆ ಸೇರ್ಸುವಾಗ ಇದೇ ಮಾಸ್ಟ್ರು ಜೂನ್ ಒಂದು ಅಂತ ಹಾಕಿದ್ರು. ಅದಕ್ಕೇ ನೀನು ಹುಟ್ಲೇ ಇಲ್ಲ ಅನ್ನೋಣ್ವಾ?"

ಎಲ್ಲರೂ ನಕ್ಕರು, ಸುರೇಶನೂ ನಕ್ಕ. ಸ್ಯಾಮುಯೇಲಪ್ಪ ಮಾತ್ರ ನಗಲಿಲ್ಲ. ಅವರ ಮೇಲೆ ಆಗ ನನಗೆ ಸಿಟ್ಟು ಬಂದಿತ್ತು ನಿಜ, ಆದರೆ ಅವರು ಹೇಡಿಯಲ್ಲ. ಹಿಂದಿನ ವರ್ಷ ಬೇರೆ ಊರಿನ ನೆಂಟರ ಮನೆಯಲ್ಲಿ ಪ್ರಾರ್ಥನೆಗೆ ಹೋದಾಗ ಯಾರೋ ಗಲಾಟೆ ಮಾಡಿ, ಠಾಣೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು ಬಂದಿದ್ದರು. ಆ ಭಾಗದ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಮನುಷ್ಯ. "ನಾನು ಹೆದರೋದು ನನಗೋಸ್ಕರ ಅಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಗೇಟು ಎಳೆದುಕೊಂಡರು.

ನನಗೂ ಹೆದರಿಕೆಯಿತ್ತು. ಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಅದೇ ವಾರ, "ರೂತ್ ಮೇಡಂ, ಈ ಸಲ ಕೇಕ್ ದೊಡ್ಡದೇ ತರಬೇಕು" ಎಂದು ನಗುತ್ತಿದ್ದರು. ಕೇಕು! ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡುವುದು ಕಜ್ಜಾಯ, ನಾಟಿಕೋಳಿ ಸಾರು, ಮುದ್ದೆ. ಆದರೂ ನಾನು ತರುತ್ತೇನೆ ಎಂದು ತಲೆಯಾಡಿಸಿದೆ. ನಮ್ಮ ಹಬ್ಬ ಕೇಕಾಗಿ ಬಂದರೆ ಎಲ್ಲ ಬಾಗಿಲೂ ತೆಗೆಯುತ್ತದೆ, ತೊಟ್ಟಿಲಾಗಿ ಬಂದರೆ ಗೇಟಿನಲ್ಲೇ ಕೈ ಮುಗಿಯುತ್ತಾರೆ ಎಂಬುದು ಆಗ ನನಗೆ ಹೊಳೆಯಿತು. ಹೊಳೆದು ಮೈ ಉರಿಯಿತು.

ಮುಂದಿನ ಶನಿವಾರ ದೇವಾಲಯ ಗುಡಿಸುವ ಸರದಿ ದೊಡ್ಡಮ್ಮನದು. ಗುಡಿಸಿ, ಸಾರಿಸಿ, ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿ ತಲೆಯ ಮೇಲಿಟ್ಟುಕೊಂಡಳು. ನಡುಮಧ್ಯಾಹ್ನ, ಹಾಲಿನ ಡೇರಿ ದಾಟಿ, ಪಂಚಾಯ್ತಿ ಕಟ್ಟೆ ದಾಟಿ, ಟೀ ಅಂಗಡಿಯವರೆಲ್ಲ ನೋಡುತ್ತಿರುವಂತೆಯೇ ತನ್ನ ಮನೆಯ ಕಡೆಗೆ ನಡೆದಳು. ನಾನು ಹಗ್ಗದ ಸಿಂಬೆ ಹಿಡಿದು ಹಿಂದೆ ಹಿಂದೆ. ಟೀ ಅಂಗಡಿಯಿಂದ ಯಾರೋ, "ಏನ್ ಸಾರಮ್ಮ, ಈ ವಯಸ್ಸಲ್ಲಿ ತೊಟ್ಟಿಲು?" ಎಂದು ಕುಚೋದ್ಯ ಮಾಡಿದರು. "ನಿನ್ನಂಥೋರು ಇನ್ನೂ ದೊಡ್ಡೋರಾಗಿಲ್ವಲ್ಲಪ್ಪ, ಬೇಕಾಗುತ್ತೆ" ಎಂದಳು, ನಡಿಗೆ ನಿಲ್ಲಿಸಲಿಲ್ಲ.

ಆಗ ಹುಳುಮನೆಯ ತುಂಬ ಹುಳುವಿತ್ತು. ನಮ್ಮಲ್ಲಿ ಕ್ರೈಸ್ತ ಬೆಳೆಗಾರರದು ಒಂದು ಕಟ್ಟುನಿಟ್ಟಾದ ಲೆಕ್ಕಾಚಾರ: ಹಬ್ಬದ ದಿನ ಮನೆಯಲ್ಲಿ ಹುಳು ಇರಬಾರದು. ಅದಕ್ಕೆ ಸರಿಯಾಗಿ ನವೆಂಬರಿನಲ್ಲೇ ಮರಿಹುಳು ತಂದು, ಕ್ರಿಸ್ಮಸ್ಸಿಗೆ ಮುಂಚೆ ಗೂಡು ಮಾರುಕಟ್ಟೆಗೆ ಹೋಗುವ ಹಾಗೆ ನೋಡಿಕೊಳ್ಳುತ್ತಾರೆ. ದೊಡ್ಡಮ್ಮ ಎಂದೂ ಆ ಲೆಕ್ಕ ತಪ್ಪಿದವಳಲ್ಲ. ಆ ವರ್ಷ ವಾಯುಭಾರ ಕುಸಿತವೆಂದು ಜಿಟಿಜಿಟಿ ಮಳೆ ಹಿಡಿದು, ಬೆಳಗಿನ ಹತ್ತಾದರೂ ಮಂಜು ಬಿಡದಷ್ಟು ಚಳಿ. ಚಳಿಗೆ ಹುಳು ಮಂಕಾಗುತ್ತದೆ, ಮೇಯುವುದು ಕಡಿಮೆ, ಬೆಳೆಯುವುದು ನಿಧಾನ. ಹುಳುಮನೆಯಲ್ಲಿ ಇದ್ದಿಲ ಒಲೆ ಇಟ್ಟು ಬಿಸಿ ಕಾಯಬೇಕು.

ಒಂದು ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ ಒಲೆ ತಣ್ಣಗಿತ್ತು. ಮರೆತಿರಬೇಕೆಂದು ಹಚ್ಚಲು ಹೋದೆ. ದೊಡ್ಡಮ್ಮ ಕೈ ಹಿಡಿದಳು.

"ಬಿಡು. ಈಗಲೇ ಕಾವು ಕೊಟ್ರೆ ಇಪ್ಪತ್ತಕ್ಕೆಲ್ಲ ಹಣ್ಣಾಗ್ಬಿಡ್ತವೆ."

"ಆಗ್ಲಿ ಬಿಡು ದೊಡ್ಡಮ್ಮ, ಹಬ್ಬಕ್ಕೆ ಮುಂಚೆ ಮುಗಿಯುತ್ತಲ್ಲ."

"ಮುಗೀಬಾರ್ದು. ಇಪ್ಪತ್ನಾಲ್ಕಕ್ಕೆ ಹಣ್ಣಾಗ್ಬೇಕು. ಅವತ್ತು ಸಾಯಂಕಾಲ ಊರು ನನ್ನ ಬಾಗಿಲಿಗೆ ಬರ್ಬೇಕು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ರೇಷ್ಮೆ ಹುಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆಯೆತ್ತುವುದಕ್ಕೆ ನಾವು ಹಣ್ಣಾಗುವುದು ಎನ್ನುತ್ತೇವೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ದೊಡ್ಡ ಬಿದಿರಿನ ತಟ್ಟಿಗೆ, ಬಿಡಬೇಕು. ಕೆಲವೇ ಗಂಟೆಗಳ ಕೆಲಸ. ತಡವಾದರೆ ರೇಷ್ಮೆ ಸೊಪ್ಪಿನ ಕಸದಲ್ಲೇ ಹಾಳು. ಅದಕ್ಕೇ ಆ ಊರಿನಲ್ಲಿ ಇನ್ನೂ ಮುಯ್ಯಾಳಿನ ಪದ್ಧತಿ ಉಳಿದಿತ್ತು. ಒಬ್ಬರ ಮನೆಯಲ್ಲಿ ಹುಳು ಹಣ್ಣಾಯಿತೆಂದು ಕೂಗು ಬಿದ್ದರೆ ಜಗಳವಾಡಿದವರೂ ಬರಬೇಕು, ಮಾತು ಬಿಟ್ಟವರೂ ಬರಬೇಕು. ಬರದಿದ್ದರೆ ಅವರ ಮನೆಯ ಹುಳುವಿಗೆ ಯಾರೂ ಹೋಗುವುದಿಲ್ಲ. ಕಳೆದ ಬೆಳೆಗೆ ದೊಡ್ಡಮ್ಮ ನಾಗರಾಜನ ಮನೆಯಲ್ಲಿ ಸೊಂಟ ಬಿದ್ದುಹೋಗುವಷ್ಟು ಹೊತ್ತು ಆಯ್ದು ಬಂದಿದ್ದಳು.

"ಚಳಿಗೆ ಸುಣ್ಣಕಟ್ಟು ಬಂದ್ರೆ?" ಎಂದೆ. ಹುಳು ಸೀಮೆಸುಣ್ಣದ ಕಡ್ಡಿಯ ಹಾಗೆ ಸೆಟೆದು ಸಾಯುವ ಆ ರೋಗದ ಹೆಸರೆತ್ತಿದರೆ ಬೆಳೆಗಾರರು ಎದೆ ಮುಟ್ಟಿಕೊಳ್ಳುತ್ತಾರೆ.

"ಬಂದ್ರೆ ಬರ್ಲಿ" ಎಂದಳು. ಆದರೆ ಹೇಳುವಾಗ ಮುಖ ಆ ಕಡೆ ತಿರುಗಿಸಿದ್ದಳು.

ಅಲ್ಲಿಂದಾಚೆಗಿನ ದಿನಗಳು ನನಗೆ ನರಕ. ಒಂದು ದಿನ ಸ್ವಲ್ಪ ಕಾವು ಕೊಡುವಳು, ಒಂದು ದಿನ ಕಿಟಕಿಯ ಗೋಣಿತಟ್ಟು ಎತ್ತಿ ಚಳಿ ಬಿಡುವಳು. ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಕಿವಿಗೆ ಹತ್ತಿರ ಹಿಡಿದು, "ತಡ್ಕೊಳ್ರಪ್ಪ, ಇನ್ನೊಂಚೂರು ತಡ್ಕೊಳ್ಳಿ" ಎಂದು ಬೇಡಿಕೊಳ್ಳುವಳು. ಮೂಲೆಯ ತಟ್ಟೆಯಲ್ಲಿ ನಾಲ್ಕಾರು ಹುಳು ಬೆಳ್ಳಗೆ ಸೆಟೆದಿದ್ದನ್ನು ನಾನು ನೋಡಿದೆ, ಅವಳೂ ನೋಡಿದಳು. ಇಕ್ಕಳದಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದಳು. ಅವತ್ತು ಊಟ ಮಾಡಲಿಲ್ಲ.

ಇಪ್ಪತ್ತನಾಲ್ಕರ ಮಧ್ಯಾಹ್ನ ಹುಳು ತಲೆಯೆತ್ತಿತು. ಸೊಪ್ಪು ಹಾಕಿದರೆ ಮೂಸಿ ನೋಡಲೂ ಇಲ್ಲ, ಮೈಯೆಲ್ಲ ಹಳದಿ. ದೊಡ್ಡಮ್ಮ ಹುಳುಮನೆಯ ಮುಂದೆ, ರಸ್ತೆಯ ಬದಿಗಿದ್ದ ಚಪ್ಪರದ ತೊಲೆಗೆ ಮೊದಲು ತೊಟ್ಟಿಲನ್ನು ಕಟ್ಟಿದಳು. ಬಿಳಿ ಬಟ್ಟೆ ಹಾಸಿ ಹಿಡಿ ರಾಗಿ ಹಾಕಿದಳು. ಆಮೇಲೆ ಬೀದಿಯ ನಡುವೆ ನಿಂತು ಕೂಗಿದಳು. "ಹುಳ ಹಣ್ಣಾಗೈತೆ, ಬನ್ರಮ್ಮೋ!"

ಬಂದರು. ಒಬ್ಬೊಬ್ಬರಾಗಿ, ಕೈ ತೊಳೆದುಕೊಂಡು, ಸುಣ್ಣದ ಪುಡಿ ಮೆಟ್ಟಿಕೊಂಡು ಬಂದರು. ಬಂದವರ ಕಣ್ಣು ತೊಟ್ಟಿಲ ಮೇಲೆ ಬೀಳುತ್ತಿತ್ತು, ಕೂಡಲೇ ಬೇರೆ ಕಡೆ ಹೊರಳುತ್ತಿತ್ತು. ನಾಗರಾಜನ ಹೆಂಡತಿ ಬಂದಳು. ಅವನೂ ಬಂದ, ಬರದೆ ಅವನಿಗೆ ಗತಿಯಿರಲಿಲ್ಲ. ತೊಟ್ಟಿಲು ನೋಡಿ ಅವನ ದವಡೆ ಬಿಗಿಯಿತು. ಆದರೂ ಚಂದ್ರಿಕೆ ಹೊತ್ತು ಚಪ್ಪರಕ್ಕೆ ಒರಗಿಸತೊಡಗಿದ. ಬೀದಿಯುದ್ದಕ್ಕೂ ಚಂದ್ರಿಕೆಗಳ ಸಾಲು ನಿಂತಿತು. ವರ್ಷವೆಲ್ಲ ಊರವರ ಚಂದ್ರಿಕೆ ಬೀದಿಯಲ್ಲೇ ನಿಲ್ಲುತ್ತದೆ, ಅದಕ್ಕೆ ಯಾರದೂ ತಕರಾರಿಲ್ಲ.

ಆದರೆ ತೊಟ್ಟಿಲನ್ನು ಯಾರೂ ಮುಟ್ಟಲಿಲ್ಲ. ಅದನ್ನು ನಾವು ಎಣಿಸಿರಲಿಲ್ಲ. ಹೆಂಗಸರ ಕೈ ಹುಳುವಿನ ಮೇಲೆ, ಕಣ್ಣು ನಾಗರಾಜನ ಮೇಲೆ. ಹೊತ್ತು ಇಳಿಯುತ್ತ ಬಂತು. ದೊಡ್ಡಮ್ಮ ಯಾರನ್ನೂ ತೂಗಿ ಎಂದು ಕೇಳಲಿಲ್ಲ, ತಾನೂ ತೂಗಲಿಲ್ಲ. ಕರೆದು ತೂಗಿಸಿದರೆ, ಸೆಳೆದುಕೊಳ್ಳುತ್ತಾರೆ ಎಂದು ಅವರು ಆಡಿದ ಮಾತು ನಿಜವಾದ ಹಾಗಲ್ಲವೇ! ಅವಳ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು. ಇಷ್ಟೆಲ್ಲ ಮಾಡಿಯೂ ಸೋತೆವು ಎಂದುಕೊಂಡೆ.

ಅಷ್ಟರಲ್ಲಿ ಕೋಲೂರಿಕೊಂಡು ವೆಂಕಟಮ್ಮ ಬಂದಳು. ಮುಯ್ಯಾಳಿಗೆ ಮನೆಯ ಹಿರಿಯಳಾಗಿ ತಾನೂ ಬರಲೇಬೇಕೆಂಬ ಹಳೆಯ ಕಾಲದ ಹಟ. ಚಪ್ಪರದಡಿ ನಿಂತು, "ಸಾರಮ್ಮ, ನಂಗೆ ಕಣ್ಣು ಮಂಜು, ಹುಳ ಕಾಣ್ಸಲ್ಲ. ನಾನೇನು ಕೆಲ್ಸ ಮಾಡ್ಲಿ?" ಎಂದಳು.

"ಕೂತ್ಕೊಳ್ಳಿ ಅಕ್ಕ. ನಿಮಗೆ ಯಾವ್ದು ಆಗುತ್ತೋ ಅದನ್ನ ಮಾಡಿ" ಎಂದಳು ದೊಡ್ಡಮ್ಮ. ಅಷ್ಟೇ ಹೇಳಿದ್ದು.

ಮುದುಕಿ ತಡಕಾಡಿ ಹಗ್ಗ ಹಿಡಿದುಕೊಂಡಳು.

"ಅಮ್ಮಾ, ಬೇಡ" ಎಂದ ನಾಗರಾಜ, ಹೆಗಲ ಮೇಲೆ ಚಂದ್ರಿಕೆ ಹೊತ್ತವನು.

"ನೋರು ಮೂಸ್ಕೋರಾ. ನೀ ಪನಿ ನುವ್ವು ಚೂಸ್ಕೋ" ಎಂದು ವೆಂಕಟಮ್ಮ ತೆಲುಗಿನಲ್ಲಿ ಗದರಿಸಿದಳು. ಬಾಯಿ ಮುಚ್ಚಿಕೊಂಡು ನಿನ್ನ ಕೆಲಸ ನೀನು ನೋಡಿಕೋ ಎಂದು. ಆಮೇಲೆ ತೂಗಿದಳು. ಜೋಜೋ ಎಂದು ಒಡೆದ ದನಿಯಲ್ಲಿ ಎಳೆದಳು. ಒಳಗಿದ್ದ ಹೆಂಗಸೊಬ್ಬಳು ಸೊಲ್ಲು ಕೂಡಿಸಿದಳು, ಇನ್ನೊಬ್ಬಳು ಕೂಡಿಸಿದಳು. ಬುಟ್ಟಿ ತುಂಬಿ ಹೊರಗೆ ತಂದವರೆಲ್ಲ ಒಂದೊಂದು ಸಲ ಹಗ್ಗ ಎಳೆದು ಹೋದರು. ನಾಗರಾಜನ ಹೆಂಡತಿಯೂ ಎಳೆದಳು, ಗಂಡನ ಮುಖ ನೋಡದೆ. ದೊಡ್ಡಮ್ಮನ ಎರಡೂ ಕೈಯಲ್ಲಿ ಹುಳುವಿತ್ತು, ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಆಗಲಿಲ್ಲ. ನಾನೂ ಒರೆಸಲಿಲ್ಲ. ಹರಿಯಲಿ ಎಂದುಕೊಂಡೆ.

ದೇವಾಲಯದ ಒಳಗೆ ಪ್ರಾರ್ಥನೆ ಮುಗಿಸಿ ಸ್ಯಾಮುಯೇಲಪ್ಪ ಶಾಲು ಹೊದ್ದು ರಸ್ತೆಯ ಆ ಬದಿಯಲ್ಲಿ ಬಂದು ನಿಂತರು. ಈ ಬದಿಗೆ ದಾಟಲಿಲ್ಲ. "ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಾನು ಠಾಣೆಗೆ ಬರಲ್ಲ ಸಾರಮ್ಮ."

"ಬರ್ಬೇಡಿ ಮಾಸ್ಟ್ರೇ. ದಾರಿ ನಂಗೆ ಗೊತ್ತು" ಎಂದಳು.

ಕಂಪ್ಲೇಂಟ್ ಯಾರೂ ಕೊಡಲಿಲ್ಲ. ಆದರೆ ಬೆಳೆ ಕೈಕೊಟ್ಟಿತು. ಹೊಸ ವರ್ಷದ ಹೊತ್ತಿಗೆ ಗೂಡು ಬಿಡಿಸಿದರೆ ಅರ್ಧಕ್ಕರ್ಧ ಹಗುರ. ಅಲ್ಲಾಡಿಸಿದರೆ ಒಳಗೆ ಸತ್ತ ಹುಳು ಕಾಳಿನಂತೆ ಗಲಗಲ ಎನ್ನುತ್ತಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಗೂಡು ಸುರಿದ ಜಾಲರಿಯೊಳಗೆ ಕೈ ಹಾಕಿದ, ನೂಲು ತೆಗೆಯುವ ರೀಲರುಗಳು ಒಂದು ಗೂಡು ಕಿವಿಯ ಬಳಿ ಕುಲುಕಿ, ಹಾಗೇ ಇಟ್ಟು ಮುಂದೆ ಹೋದರು. ಕೊನೆಗೆ ಯಾರೋ ದಯೆ ತೋರಿದ ಬೆಲೆಗೆ ಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಬೆಳೆ ಹೋಯ್ತಲ್ಲ ದೊಡ್ಡಮ್ಮ" ಎಂದೆ.

ಅವಳು ಖಾಲಿ ಚೀಲ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, "ಬೆಳೆ ವರ್ಷಕ್ಕೆ ಐದಾರು ಬರುತ್ತೆ ಕಣೇ. ಬೀದಿ ಒಂದ್ಸಲ ಬಿಟ್ಕೊಟ್ರೆ ಮತ್ತೆ ಬರಲ್ಲ" ಎಂದಳು.

ಜನವರಿಯ ಕೊನೆಗೆ ನಾಗರಾಜನ ಮನೆಯಲ್ಲಿ ಹುಳು ಹಣ್ಣಾಯಿತು. ಅವನ ಹೆಂಡತಿಯ ಕೂಗು ಕೇಳಿದ್ದೇ ದೊಡ್ಡಮ್ಮ ಕೈ ತೊಳೆದಳು, ನನ್ನನ್ನೂ ಎಬ್ಬಿಸಿಕೊಂಡು ಹೊರಟಳು. ನನಗೆ ಇಷ್ಟವಿರಲಿಲ್ಲ, ಮುಖ ಊದಿಸಿಕೊಂಡು ಹಿಂದೆ ಹೋದೆ. ಅವನು ಬಾಗಿಲಲ್ಲಿ ನಿಂತಿದ್ದ. ನಮ್ಮನ್ನು ನೋಡಿ ಪಕ್ಕಕ್ಕೆ ಸರಿದು, "ಒಳಗೆ ಬಾಮ್ಮ" ಎಂದ.

"ಒಳಗೂ ಬರ್ತೀನಿ ನಾಗರಾಜ, ಹೊರಗೂ ಇರ್ತೀನಿ" ಎಂದು ದೊಡ್ಡಮ್ಮ ಸುಣ್ಣದ ಪುಡಿ ಮೆಟ್ಟಿ ಹುಳುಮನೆ ಹೊಕ್ಕಳು.